ಕೋಕೊ ಬೀಜದ ಇತಿಹಾಸವೂ ಅಚೌರ್ಯಾಣುವ್ರತವೂ

ಭೋಗಭೂಮಿಯ ಕಾಲ ಮುಗಿದು ಕರ್ಮಭೂಮಿಯ ಕಾಲ ಮೊದಲಾದ ಸಂಧಿಯನ್ನು ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣವೂ, ಅದರ ಜಾಡಿನಲ್ಲಿ ಕ್ರಿ.ಶ. 941ರಲ್ಲಿ ಮಹಾಕವಿ ಪಂಪನು ರಚಿಸಿದ ಕನ್ನಡ ಆದಿಪುರಾಣವೂ ವಿಸ್ತಾರವಾಗಿ ವರ್ಣಿಸಿವೆ. ಬೇಡಿದುದನ್ನು ಕೊಡುತ್ತಿದ್ದ ಕಲ್ಪವೃಕ್ಷಗಳು ಕ್ಷೀಣಿಸಿದಾಗ ಹಸಿವಿನಿಂದ ಕಂಗೆಟ್ಟ ಪ್ರಜೆಗಳು ನಾಭಿರಾಜನ ಬಳಿಗೆ ಬಂದರು. ಅವರಿಗೆ ಬದುಕಿನ ದಾರಿಯನ್ನು ತೋರಿಸಿದವರು ಭಗವಾನ್ ವೃಷಭದೇವರು. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಅವರು ಬೋಧಿಸಿದರೆಂಬುದು ನಮ್ಮ ಪರಂಪರೆ. ಈ ಆರರಲ್ಲಿ ಕೃಷಿಯೂ ವಾಣಿಜ್ಯವೂ ಒಬ್ಬನೇ ಗುರುವಿನಿಂದ, ಒಂದೇ ಉಪದೇಶದಲ್ಲಿ ಬಂದಿರುವುದು ಗಮನಾರ್ಹವಾಗಿದೆ. ಬೆಳೆಯುವುದು ಒಂದು ವಿದ್ಯೆಯಾದರೆ ಬೆಳೆದುದನ್ನು ಧರ್ಮದಿಂದ ಇನ್ನೊಬ್ಬರ ಕೈಗೆ ದಾಟಿಸುವುದು ಅದಕ್ಕೆ ಸಮನಾದ ಇನ್ನೊಂದು ವಿದ್ಯೆ.

ಇಂದಿನ ನಮ್ಮ ಮಕ್ಕಳಿಗೆ ಅಂಗಡಿಯೇ ಕಲ್ಪವೃಕ್ಷವಾಗಿದೆ. ಹಣ ಕೊಟ್ಟರೆ ತಿಂಡಿ ಬರುತ್ತದೆ; ಅದು ಯಾವ ಬೀಜದಿಂದ ಹುಟ್ಟಿತು, ಯಾರ ಕೈಗಳನ್ನು ದಾಟಿ ಬಂದಿತು ಎಂಬ ವಿಚಾರ ಮಗುವಿನ ಮನಸ್ಸಿಗೆ ಹೊಳೆಯುವುದಕ್ಕೆ ಅವಕಾಶವೇ ಇಲ್ಲ. ಆಹಾರ ಎಲ್ಲಿಂದ ಬರುತ್ತದೆ ಎಂದು ಮಕ್ಕಳಿಗೆ ಕಲಿಸಬೇಕೆಂದು ಹೇಳುವವರು ಸಾಮಾನ್ಯವಾಗಿ ಹೊಲ, ಗಿಡ, ಬೀಜ ಇವಿಷ್ಟನ್ನು ತೋರಿಸಿ ಪಾಠವನ್ನು ಮುಗಿಸುತ್ತಾರೆ. ಅದು ಅರ್ಧ ಪಾಠ ಮಾತ್ರ. ಉಳಿದರ್ಧವು ಬೆಲೆಗೆ ಸಂಬಂಧಿಸಿದ್ದು. ಈ ಎರಡನೆಯ ಅರ್ಧವನ್ನು ಮರೆತಾಗ ಸಜ್ಜನರೂ ಹೇಗೆ ಪರಸ್ವತ್ತಿನ ಪಾಲುದಾರರಾಗುತ್ತಾರೆ ಎಂಬುದಕ್ಕೆ ಕೋಕೊ ಬೀಜದ ಇತಿಹಾಸವು ಸ್ಪಷ್ಟವಾದ ನಿದರ್ಶನವಾಗಿದೆ. ಮಕ್ಕಳಿಗೆ ಅತ್ಯಂತ ಪ್ರಿಯವಾದ ಚಾಕೊಲೇಟಿನ ಮೂಲವೇ ಈ ಬೀಜ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಅದು ಉಪಬೆಳೆಯಾಗಿ ಬೆಳೆಯುತ್ತಿರುವುದರಿಂದ ನಮಗೆ ದೂರದ ವಸ್ತುವೂ ಅಲ್ಲ.

ಬೀಜದ ಸ್ವರೂಪ

ಕೋಕೊ ಮರದ ಹೂವು ಮತ್ತು ಕಾಯಿಗಳು ಕೊಂಬೆಯ ತುದಿಯಲ್ಲಿ ಬಿಡದೆ ಹಲಸಿನಂತೆ ಕಾಂಡಕ್ಕೂ ದಪ್ಪ ಕೊಂಬೆಗಳಿಗೂ ಅಂಟಿಕೊಂಡು ಬಿಡುತ್ತವೆ. ಕಣ್ಣಿಗೆ ಕಾಣುವುದೇ ಕಷ್ಟವೆನಿಸುವಷ್ಟು ಸಣ್ಣ ನುಸಿಗಳು ಅದರ ಪರಾಗಸ್ಪರ್ಶವನ್ನು ನಡೆಸುತ್ತವೆ. ಅರಳಿದ ಹೂವುಗಳಲ್ಲಿ ಕಾಯಿಯಾಗುವುದು ನೂರಕ್ಕೆ ಕೆಲವು ಮಾತ್ರ. ಕಾಯಿ ಬಲಿತು ಹಣ್ಣಾಗಲು ಐದಾರು ತಿಂಗಳು ಬೇಕು. ಹಣ್ಣನ್ನು ಒಡೆದರೆ ಒಳಗೆ ಬಿಳಿಯ, ಸಿಹಿಹುಳಿಯ ತಿರುಳು ಮೆತ್ತಿಕೊಂಡ ಸುಮಾರು 30ರಿಂದ 45 ಬೀಜಗಳಿರುತ್ತವೆ. ಅಳಿಲು, ಮಂಗ ಮೊದಲಾದ ಪ್ರಾಣಿಗಳು ತಿರುಳನ್ನು ಚೀಪಿ ಕಹಿಯಾದ ಬೀಜವನ್ನು ಉಗುಳುತ್ತವೆ. ಮರದ ಸಂತತಿ ಮುಂದುವರಿಯುವ ಕ್ರಮವೇ ಅದು.

ಈ ಬೀಜಕ್ಕೆ ಒಂದು ವಿಶೇಷ ಗುಣವಿದೆ. ಭತ್ತ, ರಾಗಿಗಳಂತೆ ಅದನ್ನು ಒಣಗಿಸಿ ಮುಂದಿನ ವರ್ಷಕ್ಕೆ ಬಿತ್ತನೆಗಾಗಿ ಕಾದಿಡಲು ಸಾಧ್ಯವಿಲ್ಲ. ಹಣ್ಣಿನಿಂದ ತೆಗೆದ ಕೆಲವೇ ದಿನಗಳಲ್ಲಿ ಮೊಳಕೆಯ ಶಕ್ತಿ ಕುಂದುತ್ತದೆ. ಚಾಕೊಲೇಟಿಗಾಗಿ ಹಸಿ ಬೀಜಗಳನ್ನು ಬುಟ್ಟಿ ಅಥವಾ ಮರದ ಪೆಟ್ಟಿಗೆಗಳಲ್ಲಿ ತುಂಬಿ ಐದಾರು ದಿನ ಹುದುಗು ಬರಿಸುತ್ತಾರೆ. ಆಗ ಏರುವ ಶಾಖಕ್ಕೂ ಹುಳಿಗೂ ಸಿಕ್ಕಿ ಒಳಗಿನ ಅಂಕುರ ಸಾಯುತ್ತದೆ. ಬಳಿಕ ಬಿಸಿಲಿನಲ್ಲಿ ಒಣಗಿಸುತ್ತಾರೆ. ಆದುದರಿಂದ ಮಾರುಕಟ್ಟೆಯಲ್ಲಿ ಸಿಗುವ ಒಣ ಕೋಕೊ ಬೀಜವನ್ನು ಎಷ್ಟು ನೀರೆರೆದರೂ ಅದು ಮೊಳೆಯದು. ಹುದುಗಿನ ಈ ಕ್ರಿಯೆಯನ್ನು ಆಹಾರಶುದ್ಧಿಯ ದೃಷ್ಟಿಯಿಂದ ಪ್ರಶ್ನಿಸುವ ಮನೆಗಳೂ ಇರಬಹುದು. ಸ್ವೀಕಾರವೋ ತ್ಯಾಗವೋ ಆ ಮನೆಯ ನಿಯಮಕ್ಕೆ ಬಿಟ್ಟದ್ದು. ಆದರೆ ಎರಡಕ್ಕೂ ಮೊದಲು ವಸ್ತುವಿನ ನಿಜಸ್ವರೂಪವನ್ನು ಮಗುವು ತಿಳಿದಿರಬೇಕು.

ಲೆಕ್ಕವೂ ಒಂದು ಪಾಠವೇ. ಒಣ ಬೀಜವೊಂದು ಹೆಚ್ಚುಕಡಿಮೆ ಒಂದು ಗ್ರಾಂ ತೂಗುತ್ತದೆ. ಅರ್ಧಭಾಗ ಕೋಕೊ ಇರುವ 100 ಗ್ರಾಂ ಚಾಕೊಲೇಟಿಗೆ ಸುಮಾರು 50 ಬೀಜಗಳು, ಎಂದರೆ ಒಂದೆರಡು ಹಣ್ಣುಗಳ ಬೀಜಗಳು ಬೇಕಾಗುತ್ತವೆ. ಐದಾರು ತಿಂಗಳ ಬೆಳವಣಿಗೆ, ಒಂದು ವಾರದ ಹುದುಗು, ಮತ್ತೊಂದು ವಾರದ ಬಿಸಿಲು, ಇವೆಲ್ಲ ಸೇರಿ ಮಗುವು ಐದು ನಿಮಿಷದಲ್ಲಿ ಮುಗಿಸುವ ತಿಂಡಿಯಾಗುತ್ತದೆ.

ನಾಣ್ಯವಾಗಿದ್ದ ಬೀಜ

ಕೋಕೊವಿನ ತವರು ದಕ್ಷಿಣ ಅಮೆರಿಕದ ಅಮೆಜಾನ್ ಮೇಲ್ದಂಡೆಯ ಪ್ರದೇಶ. ಇಕ್ವೆಡಾರ್ ದೇಶದ ಪುರಾತನ ನೆಲೆಯೊಂದರ ಪಾತ್ರೆಗಳಲ್ಲಿ ಸಿಕ್ಕಿದ ಶೇಷಗಳಿಂದ ಸುಮಾರು 5,300 ವರ್ಷಗಳ ಹಿಂದೆಯೇ ಅಲ್ಲಿಯ ಜನ ಅದನ್ನು ಬಳಸುತ್ತಿದ್ದರೆಂಬುದು 2018ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಮುಂದೆ ಮಧ್ಯ ಅಮೆರಿಕದಲ್ಲಿ ಈ ಬೀಜವು ಪೇಯಕ್ಕೆ ಮಾತ್ರವಲ್ಲದೆ ನಾಣ್ಯವಾಗಿಯೂ ಚಲಾವಣೆಯಲ್ಲಿತ್ತು. ಸ್ಪೇನರು ಮೆಕ್ಸಿಕೊವನ್ನು ಗೆದ್ದ ಮೇಲೆಯೂ ಈ ಪದ್ಧತಿ ಉಳಿಯಿತು. ತ್ಲಾಸ್ಕಾಲ ಎಂಬ ಊರಿನ 1545ರ ಬೆಲೆಪಟ್ಟಿಯಲ್ಲಿ ದೊಡ್ಡ ಟೊಮೇಟೊ ಒಂದಕ್ಕೆ ಒಂದು ಬೀಜ, ಆಗ ತಾನೆ ಕಿತ್ತ ಬೆಣ್ಣೆಹಣ್ಣಿಗೆ ಮೂರು ಬೀಜ ಎಂದು ದಾಖಲಾಗಿದೆ.

ಹಣವಿದ್ದಲ್ಲಿ ವಂಚನೆಯೂ ಹುಟ್ಟುತ್ತದೆ. ಬೀಜದ ಸಿಪ್ಪೆಯೊಳಗೆ ಮೇಣವನ್ನೋ ಹಿಟ್ಟನ್ನೋ ತುಂಬಿ ಒಳ್ಳೆಯ ಬೀಜಗಳೊಂದಿಗೆ ಬೆರೆಸಿ ಮಾರುತ್ತಿದ್ದ ಕಪಟ ವ್ಯಾಪಾರಿಗಳ ವಿಚಾರವನ್ನು ಬೆರ್ನಾರ್ದಿನೋ ದೆ ಸಹಗೂನ್ ಎಂಬ ಪಾದ್ರಿ 16ನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ನಮ್ಮ ಆಚಾರ್ಯರು ಇದಕ್ಕೆ ಪ್ರತಿರೂಪಕ ವ್ಯವಹಾರವೆಂದು ಹೆಸರಿಟ್ಟು ಅಚೌರ್ಯವ್ರತದ ಅತಿಚಾರಗಳಲ್ಲಿ ಸೇರಿಸಿದ್ದು ಅದಕ್ಕಿಂತ ಸಾವಿರ ವರ್ಷಗಳಷ್ಟು ಹಿಂದೆ. ದೇಶಕಾಲಗಳು ಬೇರೆಯಾದರೂ ಲೋಭದ ಮಾರ್ಗಗಳು ಒಂದೇ ಎಂಬುದನ್ನು ಇದರಿಂದ ತಿಳಿಯಬಹುದು.

1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಬೀಜದಿಂದ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಸನ್ನದು ಪಡೆದ ಮೇಲೆ, 1847ರಲ್ಲಿ ಇಂಗ್ಲೆಂಡಿನ ಫ್ರೈ ಕಂಪನಿ ತಿನ್ನುವ ಚಾಕೊಲೇಟ್ ಹಲಗೆಯನ್ನು ತಯಾರಿಸಿದ ಮೇಲೆ, ಶ್ರೀಮಂತರ ಪೇಯವಾಗಿದ್ದ ಕೋಕೊ ಸಾಮಾನ್ಯರ ಸಿಹಿತಿಂಡಿಯಾಯಿತು. ಬೇಡಿಕೆ ಹೆಚ್ಚಿತು. ಬೀಜವು ಅಮೆರಿಕವನ್ನು ಬಿಟ್ಟು ಆಫ್ರಿಕದ ಪಶ್ಚಿಮ ಕರಾವಳಿಯ ದ್ವೀಪಗಳಿಗೆ ಬಂದಿತು. ತಿನ್ನುವವನಿಗೂ ಬೆಳೆಯುವವನಿಗೂ ನಡುವೆ ಸಮುದ್ರವೇ ಅಡ್ಡವಾದುದು ಈ ಕಾಲದಲ್ಲಿ.

ಸಜ್ಜನರ ಎಂಟು ವರ್ಷಗಳು

ಪೋರ್ಚುಗೀಸರ ಅಧೀನದಲ್ಲಿದ್ದ ಸಾವೊ ತೋಮೆ ಮತ್ತು ಪ್ರಿನ್ಸಿಪೆ ದ್ವೀಪಗಳು 20ನೆಯ ಶತಮಾನದ ಆರಂಭದಲ್ಲಿ ಕೋಕೊವಿಗೆ ಹೆಸರುವಾಸಿಯಾಗಿದ್ದವು. ಕಾನೂನಿನ ಪ್ರಕಾರ ಅಲ್ಲಿ ಗುಲಾಮಗಿರಿ ರದ್ದಾಗಿತ್ತು. ವಾಸ್ತವದಲ್ಲಿ ಅಂಗೋಲದ ಒಳನಾಡಿನಿಂದ ಹಿಡಿದು ತಂದ ಜನರಿಗೆ ಐದು ವರ್ಷಗಳ ಕರಾರಿನ ಹೆಸರು ಹಚ್ಚಿ ಹಡಗು ಹತ್ತಿಸುತ್ತಿದ್ದರು. ಹಾಗೆ ಹೋದವರಲ್ಲಿ ಊರಿಗೆ ಮರಳಿದವರು ಇಲ್ಲವೆನ್ನುವಷ್ಟು ವಿರಳ. ಮನುಷ್ಯರನ್ನೂ ಪ್ರಾಣಿಗಳನ್ನೂ ಮಾರಿ ಜೀವಿಸುವ ಕೇಶವಾಣಿಜ್ಯವನ್ನು ಹೇಮಚಂದ್ರಾಚಾರ್ಯರು 12ನೆಯ ಶತಮಾನದಲ್ಲಿ ಯೋಗಶಾಸ್ತ್ರದಲ್ಲಿ ಶ್ರಾವಕರಿಗೆ ನಿಷಿದ್ಧವಾದ ಜೀವನೋಪಾಯಗಳ ಸಾಲಿಗೆ ಸೇರಿಸಿದ್ದಾರೆ. ಆ ವ್ಯಾಪಾರವೇ ಇಲ್ಲಿ ಹೊಸ ಹೆಸರಿನಲ್ಲಿ ನಡೆದಿತ್ತು.

ಈ ದ್ವೀಪಗಳ ಕೋಕೊವನ್ನು ಕೊಳ್ಳುತ್ತಿದ್ದವರಲ್ಲಿ ಇಂಗ್ಲೆಂಡಿನ ಕ್ಯಾಡ್ಬರಿ, ಫ್ರೈ, ರೌನ್‌ಟ್ರೀ ಕಂಪನಿಗಳು ಪ್ರಮುಖವಾಗಿದ್ದವು. ಈ ಮೂರೂ ಮನೆತನಗಳು ಕ್ವೇಕರ್ ಪಂಥಕ್ಕೆ ಸೇರಿದವು. ಕ್ವೇಕರರು ಸಂಖ್ಯೆಯಲ್ಲಿ ಅಲ್ಪರು. ಯುದ್ಧವನ್ನೂ ಗುಲಾಮಗಿರಿಯನ್ನೂ ವಿರೋಧಿಸುತ್ತ ಬಂದವರು. ವ್ಯಾಪಾರದಲ್ಲಿ ಒಂದೇ ಮಾತು, ಒಂದೇ ಬೆಲೆ ಎಂಬುದಕ್ಕೆ ಪ್ರಸಿದ್ಧರಾದವರು. ಅಹಿಂಸೆಯನ್ನು ನಂಬಿ ವಾಣಿಜ್ಯದಿಂದ ಜೀವಿಸುವ ಸಣ್ಣ ಸಮಾಜದ ಬಾಳು ಹೇಗಿರುತ್ತದೆಂಬುದು ಈ ಪತ್ರಿಕೆಯ ಓದುಗರಿಗೆ ವಿವರಿಸಿ ಹೇಳಬೇಕಾದ ವಿಷಯವಲ್ಲ.

1901ರಲ್ಲಿ ವಿಲಿಯಂ ಕ್ಯಾಡ್ಬರಿಯ ಕಣ್ಣಿಗೆ ಸಾವೊ ತೋಮೆಯ ತೋಟವೊಂದರ ಮಾರಾಟದ ಪ್ರಕಟಣೆ ಬಿದ್ದಿತು. ಅದರಲ್ಲಿ ಆಸ್ತಿಯ ಪಟ್ಟಿಯೊಳಗೆ ಕೂಲಿಗಳೂ ಸೇರಿದ್ದರು. ಅಂದಿನಿಂದ ಕಂಪನಿಯು ವಿಚಾರಣೆಯನ್ನು ಆರಂಭಿಸಿತು. ಪೋರ್ಚುಗಲ್ಲಿನ ಅಧಿಕಾರಿಗಳೊಂದಿಗೆ ಮಾತನಾಡಿತು. ಜೋಸೆಫ್ ಬರ್ಟ್ ಎಂಬವರನ್ನು ಪರಿಶೀಲನೆಗೆ ಕಳುಹಿಸಿತು. ಈ ನಡುವೆ ಹೆನ್ರಿ ನೆವಿನ್ಸನ್ ಎಂಬ ಪತ್ರಕರ್ತನು 1904-05ರಲ್ಲಿ ಅಂಗೋಲಕ್ಕೂ ದ್ವೀಪಗಳಿಗೂ ಸ್ವತಃ ಹೋಗಿ, ಕಂಡದ್ದನ್ನು 1906ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದನು. ಖರೀದಿ ಮಾತ್ರ ನಿಲ್ಲಲಿಲ್ಲ. ಕೊನೆಗೆ 1909ರ ಮಾರ್ಚಿಯಲ್ಲಿ ಈ ಕಂಪನಿಗಳು ದ್ವೀಪಗಳ ಕೋಕೊವನ್ನು ಬಹಿಷ್ಕರಿಸಿದವು.

ಅದೇ ವರ್ಷದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನ ನ್ಯಾಯಾಲಯದಲ್ಲಿ ಒಂದು ಮೊಕದ್ದಮೆ ನಡೆಯಿತು. ಕ್ಯಾಡ್ಬರಿಯವರ ಕಪಟವನ್ನು ಟೀಕಿಸಿ ಬರೆದ ಲಂಡನ್ನಿನ ‘ಸ್ಟಾಂಡರ್ಡ್’ ಪತ್ರಿಕೆಯ ಮೇಲೆ ಕಂಪನಿಯು ಮಾನಹಾನಿಯ ದಾವೆ ಹೂಡಿತ್ತು. ಪಂಚರು ಕಂಪನಿಯ ಪರವಾಗಿಯೇ ತೀರ್ಪಿತ್ತರು; ಆದರೆ ಪರಿಹಾರವಾಗಿ ಕೊಡಿಸಿದ್ದು ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಕಾನೂನಿನಲ್ಲಿ ಗೆದ್ದವರ ಮಾನಕ್ಕೆ ಪಂಚರು ಕಟ್ಟಿದ ಬೆಲೆ ಅಷ್ಟೇ. ಆ ಮನೆತನದವರು ದುಷ್ಟರಾಗಿರಲಿಲ್ಲ. ತಮ್ಮ ಕಾರ್ಖಾನೆಯ ಕೆಲಸಗಾರರಿಗೆ ಮನೆ, ಉದ್ಯಾನ, ಶಾಲೆಗಳನ್ನು ಒದಗಿಸಿದ ಕೀರ್ತಿ ಅವರದು. ಹತ್ತಿರದ ಕೆಲಸಗಾರನ ವಿಷಯದಲ್ಲಿ ಎಚ್ಚರವಾಗಿದ್ದ ಕರುಣೆಯು ದೂರದ ಕೆಲಸಗಾರನ ವಿಷಯದಲ್ಲಿ ಎಂಟು ವರ್ಷ ತಡಮಾಡಿತು ಎಂಬುದೇ ಇಲ್ಲಿ ನಾವು ಗ್ರಹಿಸಬೇಕಾದ ಸಂಗತಿ.

ಬೆಲೆ ಕಟ್ಟುವವರು ಯಾರು?

ದ್ವೀಪಗಳನ್ನು ಬಿಟ್ಟ ಕಂಪನಿಗಳು ಆಗ ಚಿನ್ನದ ಕರಾವಳಿ ಎನಿಸಿದ್ದ ಇಂದಿನ ಘಾನಾ ದೇಶದತ್ತ ತಿರುಗಿದವು. ಅಲ್ಲಿಗೆ ಕೋಕೊ ಬಂದ ಬಗೆ ಸ್ವಾರಸ್ಯಕರವಾಗಿದೆ. ತೆತ್ತೆ ಕ್ವಾರ್ಷಿ ಎಂಬ ಕಮ್ಮಾರನು ಫೆರ್ನಾಂಡೊ ಪೊ ದ್ವೀಪದಲ್ಲಿ ದುಡಿದು, 1870ರ ದಶಕದ ಕೊನೆಯ ಭಾಗದಲ್ಲಿ ಊರಿಗೆ ಮರಳುವಾಗ ಬೀಜಗಳನ್ನು ತಂದು ಮಾಂಪಾಂಗ್ ಎಂಬಲ್ಲಿ ಬಿತ್ತಿದನು. ಅವನ ಗಿಡಗಳಿಂದ ನೆರೆಹೊರೆಯ ರೈತರು ಬೀಜ ಪಡೆದರು. 1911ರ ಹೊತ್ತಿಗೆ ಆ ದೇಶವು ಜಗತ್ತಿನಲ್ಲೇ ಅತ್ಯಧಿಕ ಕೋಕೊ ಬೆಳೆಯುವ ದೇಶವಾಗಿತ್ತು. ಅದು ದೊಡ್ಡ ಎಸ್ಟೇಟುಗಳ ಸಾಧನೆಯಲ್ಲ; ಸ್ವಂತ ನೆಲದ ಸಣ್ಣ ರೈತರ ಸಾಧನೆ.

ಬೀಜ ರೈತನದಾದರೂ ಬೆಲೆ ಅವನದಾಗಲಿಲ್ಲ. 1937ರಲ್ಲಿ ಹತ್ತಕ್ಕೂ ಹೆಚ್ಚು ಯುರೋಪಿಯನ್ ಖರೀದಿ ಕಂಪನಿಗಳು ಪರಸ್ಪರ ಪೈಪೋಟಿ ಮಾಡದೆ ಗೊತ್ತಾದ ಬೆಲೆಗೇ ಕೊಳ್ಳುವುದೆಂದು ಒಳ ಒಪ್ಪಂದ ಮಾಡಿಕೊಂಡವು. 1909ರಲ್ಲಿ ದ್ವೀಪಗಳ ಕೋಕೊವನ್ನು ತೊರೆದಿದ್ದ ಕ್ಯಾಡ್ಬರಿಯೂ ಅವುಗಳಲ್ಲಿ ಒಂದಾಗಿತ್ತು. ವಿಷಯ ತಿಳಿದ ರೈತರು, ತಮ್ಮ ನಾಯಕರ ಬೆಂಬಲದೊಂದಿಗೆ, 1937ರ ನವೆಂಬರಿನಿಂದ 1938ರ ಏಪ್ರಿಲ್‌ವರೆಗೆ ಬೆಳೆಯನ್ನು ಮಾರದೆ ತಡೆಹಿಡಿದರು; ಆ ಕಂಪನಿಗಳ ಸರಕನ್ನೂ ಕೊಳ್ಳಲಿಲ್ಲ. ಬ್ರಿಟಿಷ್ ಸರ್ಕಾರವು ನೇಮಿಸಿದ ನೋವೆಲ್ ಆಯೋಗವು ಅದೇ ವರ್ಷ ವರದಿ ಕೊಟ್ಟು ಆ ಒಪ್ಪಂದವನ್ನು ಟೀಕಿಸಿತು. 1947ರಲ್ಲಿ ಸರ್ಕಾರಿ ಕೋಕೊ ಮಾರಾಟ ಮಂಡಳಿ ಸ್ಥಾಪನೆಯಾಯಿತು. ಆದರೆ ಮುಂದಿನ ದಶಕಗಳಲ್ಲಿ ಆ ಮಂಡಳಿಯೂ ಮಾರಾಟದ ಬೆಲೆಯಲ್ಲಿ ದೊಡ್ಡ ಪಾಲನ್ನು ತಾನೇ ಉಳಿಸಿಕೊಂಡಿತು. ಖಾಸಗಿಯವರ ಕೈಯಿಂದ ಸರ್ಕಾರದ ಕೈಗೆ ತಕ್ಕಡಿ ಬಂದ ಮಾತ್ರಕ್ಕೆ ಅದು ಸಮತೂಗುವುದಿಲ್ಲ.

ಪುತ್ತೂರಿನ ಉದಾಹರಣೆ

ನಮ್ಮ ದೇಶಕ್ಕೆ ಕೋಕೊ 1798ರಷ್ಟು ಹಿಂದೆಯೇ ತಮಿಳುನಾಡಿನ ಕುಟ್ರಾಲಮ್ಮಿಗೆ ಬಂದಿತ್ತಾದರೂ ವಾಣಿಜ್ಯದ ಬೆಳೆಯಾಗಿ ಬೇರೂರಿದ್ದು 1960ರ ದಶಕದ ಬಳಿಕ. ಕೇರಳದಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ತೆಂಗು ಮತ್ತು ಅಡಿಕೆ ತೋಟಗಳ ನೆರಳಿನಲ್ಲಿ ಅದು ಚೆನ್ನಾಗಿ ಬೆಳೆಯಿತು. ಬೆಲೆ ಬಂದೀತೆಂಬ ಆಸೆಯಿಂದ 1970ರ ದಶಕದಲ್ಲಿ ಸಾವಿರಾರು ಕೃಷಿಕರು ಗಿಡ ನೆಟ್ಟರು. ಆದರೆ 1980ರ ಸುಮಾರಿಗೆ ಬೆಲೆ ಕುಸಿಯಿತು. ಕೊಳ್ಳುವವರಿಲ್ಲದೆ ಅನೇಕರು ಫಲ ಕೊಡುವ ಗಿಡಗಳನ್ನೇ ಕಡಿದುಹಾಕಿದರು.

ಆ ಸಂಕಟದಲ್ಲಿ ಮುಂದೆ ಬಂದದ್ದು ಕ್ಯಾಂಪ್ಕೊ ಸಹಕಾರಿ ಸಂಸ್ಥೆ. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಈ ಸಂಸ್ಥೆಯು ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರದು. ಅದು ಕೋಕೊ ಖರೀದಿಗೂ ಇಳಿಯಿತು. ಕೊಂಡ ಬೀಜಕ್ಕೆ ಮಾರುಕಟ್ಟೆ ಬೇಕೆಂದು ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆಯನ್ನು ಕಟ್ಟಿತು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅವರು ಅದನ್ನು ಉದ್ಘಾಟಿಸಿದರು. ಬೀಜ ಬೆಳೆದವನೇ ಚಾಕೊಲೇಟ್ ತಯಾರಿಸುವ ಸಂಸ್ಥೆಯ ಸದಸ್ಯನಾಗಿರುವುದು ಕೋಕೊವಿನ ಸುದೀರ್ಘ ಇತಿಹಾಸದಲ್ಲಿ ವಿರಳ. ನಮ್ಮ ಕರಾವಳಿಯ ಮಕ್ಕಳಿಗೆ ಈ ಸಂಗತಿಯನ್ನು ಹೇಳದೆ ಬಿಡುವುದು ಸರಿಯಲ್ಲ.

ಇದೇ ಕರಾವಳಿಯಲ್ಲಿ 16ನೆಯ ಶತಮಾನದಲ್ಲಿ ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಮೆಣಸು ಯಾರದು, ಅದರ ವ್ಯಾಪಾರ ಯಾರ ಹಿಡಿತದಲ್ಲಿರಬೇಕು ಎಂಬ ಪ್ರಶ್ನೆ ಅಂದೂ ಇಲ್ಲಿ ಜೀವಂತವಾಗಿತ್ತು. ಆದುದರಿಂದ ನ್ಯಾಯವಾದ ಬೆಲೆಯ ವಿಚಾರ ನಮಗೆ ಪಾಶ್ಚಾತ್ಯರಿಂದ ಎರವಲಾಗಿ ಬಂದುದಲ್ಲ.

ನ್ಯಾಯ ವ್ಯಾಪಾರದ ಮುದ್ರೆ

ಆದರೂ ಆ ವಿಚಾರಕ್ಕೆ ಒಂದು ಮುದ್ರೆಯ ರೂಪವನ್ನು ಕೊಟ್ಟವರು ಯುರೋಪಿನವರೆಂಬುದನ್ನು ಒಪ್ಪಬೇಕು. 1988ರಲ್ಲಿ ಹಾಲೆಂಡಿನಲ್ಲಿ ಮೆಕ್ಸಿಕೊದ ಸಣ್ಣ ರೈತರ ಕಾಫಿಗಾಗಿ ಮ್ಯಾಕ್ಸ್ ಹಾವೆಲಾರ್ ಎಂಬ ಮುದ್ರೆ ಆರಂಭವಾಯಿತು. 1994ರಲ್ಲಿ ಇಂಗ್ಲೆಂಡಿನಲ್ಲಿ ನ್ಯಾಯ ವ್ಯಾಪಾರದ ಮುದ್ರೆ ಪಡೆದ ಮೊದಲನೆಯ ವಸ್ತು, ಬೆಲೀಜ್ ದೇಶದ ರೈತರ ಕೋಕೊವಿನಿಂದ ಮಾಡಿದ ಚಾಕೊಲೇಟ್. ಮಾರುಕಟ್ಟೆ ಎಷ್ಟೇ ಕುಸಿದರೂ ರೈತನಿಗೆ ಕನಿಷ್ಠ ಬೆಲೆಯೊಂದು ಸಿಗಬೇಕು. ಅದರ ಮೇಲೆ ಊರಿನ ಶಾಲೆ, ಬಾವಿ ಮುಂತಾದವುಗಳಿಗಾಗಿ ರೈತರ ಸಂಘಕ್ಕೆ ಒಂದು ಮೊತ್ತ ಸಲ್ಲಬೇಕು ಎಂಬುದು ಇದರ ಸಾರ. 2019ರ ಅಕ್ಟೋಬರಿನಿಂದ ಟನ್ನಿಗೆ 2,400 ಡಾಲರ್ ಕನಿಷ್ಠ ಬೆಲೆ ಮತ್ತು 240 ಡಾಲರ್ ಸಂಘದ ಮೊತ್ತವೆಂದು ನಿಗದಿಯಾಯಿತು.

ಘಾನಾದಲ್ಲಿ 1993ರಲ್ಲಿ ‘ಕುವಾಪಾ ಕೋಕೂ’ ಎಂಬ ರೈತರ ಸಹಕಾರಿ ಸಂಘ ಹುಟ್ಟಿತು. ಒಳ್ಳೆಯ ಕೋಕೊ ಕೃಷಿಕ ಎಂದು ಆ ಹೆಸರಿನ ಅರ್ಥ. 1998ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಚಾಕೊಲೇಟ್ ಕಂಪನಿಯೊಂದರಲ್ಲಿ ಈ ಸಂಘವೂ ಪಾಲುದಾರನಾಯಿತು. 2006ರಲ್ಲಿ ಅದರ ಪಾಲು ಶೇ. 45ಕ್ಕೆ ಏರಿತು. ಆ ಕಂಪನಿಯು 2000ದಲ್ಲಿ ಮಕ್ಕಳಿಗಾಗಿಯೇ ಒಂದು ಚಾಕೊಲೇಟನ್ನು ಹೊರತಂದು, ಅದನ್ನು ಬೆಳೆದ ರೈತರ ವಿಚಾರವನ್ನು ಇಂಗ್ಲೆಂಡಿನ ಮಕ್ಕಳಿಗೆ ತಿಳಿಸುವ ಕಾರ್ಯವನ್ನೂ ಕೈಗೊಂಡಿತು. ಆದರೆ 2020ರಲ್ಲಿ ಕಂಪನಿಯ ಬಹುಪಾಲು ಜರ್ಮನಿಯ ಸಂಸ್ಥೆಯೊಂದಕ್ಕೆ ಸೇರಿ ರೈತರ ಪಾಲು ಇಳಿಯಿತು. ಮುದ್ರೆಗೂ ತನ್ನ ಮಿತಿಗಳಿವೆ. ಮುದ್ರೆಯಿರುವ ಕೋಕೊ ಕಾರ್ಖಾನೆಯಲ್ಲಿ ಬೇರೆ ಕೋಕೊವಿನೊಂದಿಗೆ ಬೆರೆಯಲು ಅವಕಾಶವಿರುವುದರಿಂದ, ಲೆಕ್ಕದಲ್ಲಿ ಸರಿಯಿದ್ದರೂ ಕೈಯಲ್ಲಿರುವ ಚಾಕೊಲೇಟಿನ ಬೀಜ ಅದೇ ರೈತನದೆಂದು ಹೇಳಲಾಗದು.

ಮುಖ್ಯವಾದ ಸಮಸ್ಯೆ ಇನ್ನೂ ಬಗೆಹರಿದಿಲ್ಲ. ಕೋಕೊ ತೋಟಗಳಲ್ಲಿ ಮಕ್ಕಳ ದುಡಿಮೆಯ ಅತ್ಯಂತ ಕೆಟ್ಟ ರೂಪಗಳನ್ನು 2005ರೊಳಗೆ ನಿಲ್ಲಿಸುವುದಾಗಿ ಚಾಕೊಲೇಟ್ ಉದ್ಯಮವು 2001ರಲ್ಲಿ ಅಮೆರಿಕದಲ್ಲಿ ಒಡಂಬಡಿಕೆಗೆ ಸಹಿ ಹಾಕಿತ್ತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಘಾನಾ ಮತ್ತು ಐವರಿ ಕೋಸ್ಟ್ ದೇಶಗಳ ಕೋಕೊ ಪ್ರದೇಶಗಳಲ್ಲಿ 2018-19ರಲ್ಲಿ ಸುಮಾರು 15.6 ಲಕ್ಷ ಮಕ್ಕಳು ಬಾಲಕಾರ್ಮಿಕರಾಗಿದ್ದರು. ಇವರಲ್ಲಿ ಬಹುತೇಕರು ತಮ್ಮ ಮನೆಯ ತೋಟಗಳಲ್ಲಿಯೇ ದುಡಿಯುವವರು. ಬೀಜಕ್ಕೆ ಬೆಲೆಯಿಲ್ಲದಾಗ ತಂದೆಗೆ ಕೂಲಿಯಾಳನ್ನು ಇಡಲು ಶಕ್ತಿಯಿಲ್ಲ. ಆಗ ಕತ್ತಿ ಮಗುವಿನ ಕೈಗೆ ಬರುತ್ತದೆ. 2024ರ ಡಿಸೆಂಬರಿನಲ್ಲಿ ಕೋಕೊವಿನ ಅಂತರರಾಷ್ಟ್ರೀಯ ಬೆಲೆ ಟನ್ನಿಗೆ 12,000 ಡಾಲರನ್ನು ದಾಟಿತು. ಆದರೆ ಈ ಎರಡು ದೇಶಗಳಲ್ಲಿ ರೈತನಿಗೆ ಸಲ್ಲುವ ಬೆಲೆಯನ್ನು ಸರ್ಕಾರ ಮುಂಚಿತವಾಗಿ ಗೊತ್ತುಪಡಿಸುವುದರಿಂದ ಆ ಏರಿಕೆಯ ಬಹುಭಾಗ ಅವನಿಗೆ ತಲುಪಲಿಲ್ಲ. 2025ರಲ್ಲಿ ಬೆಲೆ ಮತ್ತೆ ಬಹಳವಾಗಿ ಇಳಿಯಿತು. ಭಾರತದಲ್ಲಿ ಬೆಳೆಯುವ ಕೋಕೊ ಇಲ್ಲಿನ ಬೇಡಿಕೆಗೆ ಸಾಲದೆ ಹೊರಗಿನಿಂದ ತರಿಸಲಾಗುತ್ತಿರುವುದರಿಂದ ಈ ವಿಚಾರ ನಮ್ಮ ಮನೆಯ ಹೊಸ್ತಿಲಿನವರೆಗೂ ಬಂದಿದೆ.

ಕೊಳ್ಳುವವನ ಹೊಣೆ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಶಕ್ತಿಮೀರಿ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು ಸೇರಿವೆ. ಸಾವೊ ತೋಮೆಯ ತೋಟಗಳಲ್ಲಿ ನಡೆದುದನ್ನೂ ಭಾರದ ಮೂಟೆ ಹೊತ್ತ ಮಗುವಿನ ಪಾಡನ್ನೂ ಈ ಪಟ್ಟಿಯೊಂದಿಗೆ ಹೋಲಿಸಿ ನೋಡಬಹುದು. ಅಚೌರ್ಯಾಣುವ್ರತದ ಅತಿಚಾರಗಳು ಇನ್ನೂ ಸೂಕ್ಷ್ಮವಾಗಿವೆ. ಹೆಚ್ಚುಕಡಿಮೆ ಅಳತೆ ತೂಕಗಳನ್ನು ಇಟ್ಟುಕೊಳ್ಳುವುದು, ಕಲಬೆರಕೆ ಮಾಡುವುದು ಇವು ಮಾರುವವನ ದೋಷಗಳು. ತದಾಹೃತಾದಾನ, ಎಂದರೆ ಕದ್ದು ತಂದುದನ್ನು ಕೊಳ್ಳುವುದು, ಇದು ಕೊಳ್ಳುವವನ ದೋಷ. ತಾನು ಕದಿಯಲಿಲ್ಲ, ಹಣ ಕೊಟ್ಟು ತಂದೆ ಎಂಬ ಸಮಾಧಾನಕ್ಕೆ ಆಚಾರ್ಯರು ಅವಕಾಶ ಕೊಡಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಇದನ್ನೇ ಹೇಳುತ್ತದೆ.

ಕೂಲಿ ಕಡಿಮೆ ಕೊಟ್ಟು ಬೆಳೆಸಿದ ಬೀಜ ಕದ್ದ ಮಾಲು ಹೇಗಾದೀತು ಎಂದು ಕೆಲವರು ಕೇಳಬಹುದು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂಬುದು ಶಾಸ್ತ್ರದ ಲಕ್ಷಣ. ಅಂಗೋಲದ ಆಳು ತನ್ನ ದುಡಿಮೆಯನ್ನು ಮನಸಾರೆ ಕೊಟ್ಟಿರಲಿಲ್ಲ. ಹತ್ತು ವರ್ಷದ ಮಗು ತನ್ನ ಶಾಲೆಯ ದಿನಗಳನ್ನು ಕೊಡಲು ಸಮರ್ಥವೂ ಅಲ್ಲ. ಅದತ್ತವಾದ ಶ್ರಮ ಸೇರಿದ ವಸ್ತುವಿನಲ್ಲಿ ಅದತ್ತದ ಅಂಶ ಇದ್ದೇ ಇರುತ್ತದೆ. ಏನನ್ನೂ ಅರಿಯದೆ ಕೊಂಡವನನ್ನು ಕಳ್ಳನೆಂದು ಕರೆಯುವುದು ಅನ್ಯಾಯ. ಆದರೆ ಕೇಳಿ ತಿಳಿಯಲು ಸಾಧ್ಯವಿದ್ದೂ ಕೇಳದೆ ಇರುವುದು ಪ್ರಮಾದ. ಪ್ರಮಾದವೇ ಪಾಪಗಳ ಬಾಗಿಲೆಂದು ನಮ್ಮ ಶಾಸ್ತ್ರಗಳು ಎಚ್ಚರಿಸಿವೆ.

ಜೈನ ಗೃಹಸ್ಥರಿಗೆ ಹೊದಿಕೆಯನ್ನು ಓದಿ ಕೊಳ್ಳುವ ಅಭ್ಯಾಸ ಹೊಸದಲ್ಲ. ಮೊಟ್ಟೆಯಿದೆಯೇ, ಪ್ರಾಣಿಜನ್ಯ ಪದಾರ್ಥವಿದೆಯೇ ಎಂದು ಹಸಿರು ಚುಕ್ಕೆಯನ್ನು ಹುಡುಕುವುದನ್ನು ನಮ್ಮ ಮಕ್ಕಳು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಆ ಚುಕ್ಕೆಯು ಒಳಗೆ ಏನಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಅದರ ಹಿಂದೆ ಯಾರಿದ್ದಾರೆಂಬುದನ್ನು ಹೇಳುವುದಿಲ್ಲ. ಆ ಎಚ್ಚರವನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುವುದು ನಮ್ಮ ಸಮಾಜಕ್ಕೆ ಅಸಾಧ್ಯವಾದ ಕಾರ್ಯವಲ್ಲ.

ಪಾಠಶಾಲೆಗಳಿಗೂ ಬಸದಿಗಳ ಟ್ರಸ್ಟುಗಳಿಗೂ

ಆದಿತ್ಯವಾರದ ಪಾಠಶಾಲೆಗಳಲ್ಲಿ ಅಣುವ್ರತಗಳ ಹೆಸರುಗಳನ್ನು ಮಕ್ಕಳಿಂದ ಕಂಠಪಾಠ ಮಾಡಿಸುತ್ತೇವೆ. ಅದರೊಂದಿಗೆ ಕೋಕೊ ಹಣ್ಣೊಂದನ್ನು ತರಿಸಿ ಮಕ್ಕಳೆದುರು ಒಡೆದು ಬೀಜಗಳನ್ನು ಎಣಿಸಲಿ. ಕೆಲವು ಹಸಿ ಬೀಜಗಳನ್ನು ಮಣ್ಣಿನಲ್ಲಿ ಊರಿ, ಒಣ ಬೀಜಗಳನ್ನೂ ಪಕ್ಕದಲ್ಲಿ ಊರಿ, ಎರಡು ವಾರಗಳ ಬಳಿಕ ಯಾವುದು ಮೊಳೆಯಿತೆಂದು ನೋಡಲಿ. ಬೀಜದಲ್ಲಿ ಏಕೇಂದ್ರಿಯ ಜೀವವಿದೆಯೆಂಬ ಮಾತು ಆಗ ಪುಸ್ತಕದ ಮಾತಾಗಿ ಉಳಿಯದು. ಬಿತ್ತುವುದರಲ್ಲಿಯೂ ಆರಂಭದ ಹಿಂಸೆ ಇಲ್ಲವೇ ಎಂದು ಮಗು ಕೇಳಿದರೆ, ಗೃಹಸ್ಥನಿಗೆ ಕೃಷಿಯನ್ನು ಕಲಿಸಿದವರೇ ಆದಿಜಿನರೆಂದೂ, ಅದನ್ನು ಯತ್ನಾಚಾರದಿಂದ ನಡೆಸಬೇಕೆಂದೂ ತಿಳಿಸಬಹುದು.

ಅನಂತರ ಒಂದು ತಕ್ಕಡಿಯನ್ನು ಇಡಬೇಕು. ಐವತ್ತು ಬೀಜಗಳನ್ನು ತೂಗಿ, ಅಂದಿನ ಒಣ ಬೀಜದ ಧಾರಣೆಯನ್ನು ವಿಚಾರಿಸಿ, ಅದಕ್ಕೆ ರೈತನಿಗೆ ಎಷ್ಟು ಸಿಗುತ್ತದೆಂದು ಮಕ್ಕಳೇ ಲೆಕ್ಕ ಹಾಕಲಿ. ಅಷ್ಟೇ ಕೋಕೊ ಇರುವ ಚಾಕೊಲೇಟಿನ ಬೆಲೆಯನ್ನು ಪಕ್ಕದಲ್ಲಿ ಬರೆಯಲಿ. ನಡುವಿನ ವ್ಯತ್ಯಾಸವೆಲ್ಲವೂ ಅನ್ಯಾಯವಲ್ಲ. ಹಾಲು, ಸಕ್ಕರೆ, ಯಂತ್ರ, ಸಾಗಣೆ, ಅಂಗಡಿಯವನ ಶ್ರಮ, ತೆರಿಗೆ ಎಲ್ಲವೂ ಅದರಲ್ಲಿವೆ. ಅವುಗಳನ್ನು ಒಂದೊಂದಾಗಿ ಹೆಸರಿಸಲು ಕಲಿತ ಮಗು ಮುಂದೆ ವ್ಯಾಪಾರಿಯಾದರೂ ಗ್ರಾಹಕನಾದರೂ ಬೆಲೆಯ ಹಿಂದಿನ ಮನುಷ್ಯರನ್ನು ಮರೆಯಲಾರದು. ಪುತ್ತೂರಿನ ಉದಾಹರಣೆಯನ್ನೂ ಸಾವೊ ತೋಮೆಯ ಉದಾಹರಣೆಯನ್ನೂ ಎದುರುಬದುರು ಇಟ್ಟು ಹೇಳಿದರೆ ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಟ್ರಸ್ಟುಗಳ ಹೊಣೆ ಇದಕ್ಕಿಂತ ಹಿರಿದು. ಮಕ್ಕಳು ಹಿರಿಯರ ಮಾತಿಗಿಂತ ನಡತೆಯನ್ನು ಹೆಚ್ಚು ನೋಡುತ್ತಾರೆ. ಉತ್ಸವ ಪಂಚಕಲ್ಯಾಣಗಳಿಗೆ, ನಿತ್ಯದ ಅನ್ನದಾನಕ್ಕೆ ಕೊಳ್ಳುವ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬೇಳೆಗಳು ಯಾವ ಊರಿನವು, ಯಾರು ಬೆಳೆದವು ಎಂಬುದನ್ನು ಟ್ರಸ್ಟಿನ ಖರೀದಿಯ ಪುಸ್ತಕದಲ್ಲಿ ಬರೆದಿಡಬಹುದು. ಸಾಧ್ಯವಾದಲ್ಲೆಲ್ಲ ಬೆಳೆಗಾರರಿಂದಲೋ ಅವರ ಸಹಕಾರಿ ಸಂಘದಿಂದಲೋ ನೇರವಾಗಿ ಕೊಳ್ಳಬಹುದು. ಮುಖ್ಯವಾಗಿ, ಮಾಲು ಇಳಿಸಿದ ದಿನವೇ ಹಣ ಪಾವತಿಸಬೇಕು. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಅಕ್ಕಿ ಕೊಟ್ಟವನ ಬಾಕಿಯನ್ನು ತಿಂಗಳುಗಟ್ಟಲೆ ಎಳೆದರೆ ಆ ಅನ್ನದಾನದ ಪುಣ್ಯದಲ್ಲಿ ಬಾಕಿದಾರನ ಪಾಲು ಎಷ್ಟೆಂದು ಯೋಚಿಸಬೇಕಾಗುತ್ತದೆ. ಹಬ್ಬದ ದಿನ ಮಕ್ಕಳಿಗೆ ಚಾಕೊಲೇಟ್ ಹಂಚುವ ವಾಡಿಕೆ ಇರುವಲ್ಲಿ ಅದರ ಕೋಕೊ ಎಲ್ಲಿಯದೆಂದು ತಯಾರಕರಿಗೆ ಟ್ರಸ್ಟಿನ ಪರವಾಗಿ ಒಂದು ಪತ್ರ ಬರೆಯುವುದಕ್ಕೂ ಹೆಚ್ಚಿನ ವೆಚ್ಚವಿಲ್ಲ. ಆ ಪತ್ರವನ್ನು ಪಾಠಶಾಲೆಯ ಮಕ್ಕಳೇ ಬರೆಯಲಿ; ಉತ್ತರ ಬಂದರೆ ಸಭೆಯಲ್ಲಿ ಓದಲಿ, ಬಾರದಿದ್ದರೆ ಅದನ್ನೂ ಸಭೆಗೆ ತಿಳಿಸಲಿ.

ವಿಲಿಯಂ ಕ್ಯಾಡ್ಬರಿಯ ಮುಂದೆ 1901ರಲ್ಲಿ ಒಂದು ಕಾಗದವಿತ್ತು. ಅದನ್ನು ಓದಿದ ಮೇಲೆ ಆ ಸಜ್ಜನರಿಗೆ ಎಂಟು ವರ್ಷ ಬೇಕಾಯಿತು. ಈಗ ಅಂತಹ ಕಾಗದಗಳು ಎಲ್ಲರ ಮುಂದೆಯೂ ಇವೆ. ಕೃಷಿಯನ್ನೂ ವಾಣಿಜ್ಯವನ್ನೂ ಜೊತೆಯಾಗಿ ಉಪದೇಶಿಸಿದ ಪರಂಪರೆಯ ಮನೆಗಳಲ್ಲಿ ಮಗುವು ‘ಇದು ಎಲ್ಲಿಂದ ಬಂತು?’ ಎಂದು ಕೇಳಿದಾಗ, ಬೀಜದ ಹೆಸರಿನೊಂದಿಗೆ ಬೆಳೆದವನಿಗೆ ಸಂದ ಬೆಲೆಯನ್ನೂ ಹೇಳಬಲ್ಲ ತಂದೆತಾಯಿಗಳು ನಾವಾಗಬೇಕು.